ಹಾಲಿಲ್ಲದ ಹಾಲುಬಾಯಿ

ನನಗೆ ಅನ್ನಪೂರ್ಣೇಶ್ವರಿ ಎಂದು ಹೆಸರಿಟ್ಟವರು ನನ್ನ ಅಜ್ಜ. ನಾನು ಮಾಡಿದ ಸಾರು ಉಣ್ಣುವಷ್ಟು ಕಾಲ ಅವರು ಬದುಕಲಿಲ್ಲ, ಅದು ಅವರ ಪುಣ್ಯ. ಕಾಸರಗೋಡಿನಿಂದ ಮಧೂರಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಮನೆಯಲ್ಲಿ ಅಡುಗೆ ಎಂದರೆ ಸೌದಾಮಿನಿ ಅತ್ತಿಗೆ. ನಾನು ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿ ನಿವೃತ್ತಳಾದವಳು, ಮದುವೆಯ ಗೋಜಿಗೆ ಹೋಗದೆ ಅಣ್ಣ ಸುಬ್ಬರಾಯನ ಮನೆಯಲ್ಲೇ ಉಳಿದವಳು. ಅತ್ತಿಗೆ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡವರಲ್ಲ. ಕಾಯಿ ತುರಿದು ಕೊಡುವಲ್ಲಿಗೆ ನನ್ನ ಪಾಕವಿದ್ಯೆ ಮುಗಿಯುತ್ತಿತ್ತು. ಅಂಥವಳು ಈ ವರ್ಷ ಹಾಲುಬಾಯಿ ಮಾಡಲು ಹೊರಟೆ. ಯಾಕೆಂದು ಹೇಳಬೇಕಾದರೆ ಕಾಶಿಯಿಂದ ಶುರು ಮಾಡಬೇಕು.

ಕಾಶಿಗೆ ಹೋಗಬೇಕಾಗಿ ಬಂದದ್ದು ವಿಜೇತನಿಂದ. ಅವನು ಅಣ್ಣ ಅತ್ತಿಗೆಯರ ಕಿರಿಯ ಮಗ, ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದವನು. ಒಂದು ಸೋಮವಾರ ಮೈಕೈ ನೋವು ಎಂದು ಮಲಗಿದ. ಇಲಿಜ್ವರ ಎಂದು ಗೊತ್ತಾಗುವಾಗ ತಡವಾಗಿತ್ತು. ಮುಂದಿನ ಸೋಮವಾರ ಮೆಟ್ಟಿಲಲ್ಲಿ ಅವನ ಚಪ್ಪಲಿ ಮಾತ್ರ ಇತ್ತು. ನನಗೆ ಮಕ್ಕಳಿಲ್ಲ ಎಂಬುದು ನನಗೇ ನೆನಪಾಗದ ಹಾಗೆ ನನ್ನ ಸೆರಗು ಹಿಡಿದು ಬೆಳೆದ ಹುಡುಗ ಅವನು. ಈಗಲೂ ಅವನ ಹೆಸರು ಬರೆಯುವಾಗ ನನ್ನ ಅಕ್ಷರ ಕೆಡುತ್ತದೆ.

ವರ್ಷ ಕಳೆದ ಮೇಲೆ ನಾವು ಮೂವರೂ ಕಾಶಿಗೆ ಹೋದೆವು. ಅಲ್ಲಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಬದುಕಿರುವವರೆಗೆ ಅದನ್ನು ಮುಟ್ಟಬಾರದು ಎಂದು ನಮ್ಮಲ್ಲಿ ಉಂಟಲ್ಲ. ಅಣ್ಣ ಹಾಗಲಕಾಯಿ ಬಿಟ್ಟ. ಹುಟ್ಟಿದ ಲಾಗಾಯ್ತು ಅವನು ಹಾಗಲಕಾಯಿಯನ್ನು ಎಲೆಗೆ ಬಡಿಸಿಕೊಂಡದ್ದು ನಾನು ಕಂಡಿಲ್ಲ. ಬೇಂಕಿನಲ್ಲಿ ದುಡಿದವನು, ನಷ್ಟದ ವ್ಯವಹಾರಕ್ಕೆ ಕೈಹಾಕುವುದಿಲ್ಲ. ನಾನು ಸೇಬು ಬಿಟ್ಟೆ. ಕಾಸರಗೋಡಿನವರು ಸೇಬು ತಿಂದರೆಷ್ಟು, ಬಿಟ್ಟರೆಷ್ಟು. ಆಮೇಲೆ ಪುರೋಹಿತರು ಅತ್ತಿಗೆಯ ಬೊಗಸೆಗೆ ನೀರು ಹಾಕಿ, ಏನು ಬಿಡುತ್ತೀರಿ ಅಮ್ಮ ಎಂದು ಕೇಳಿದರು. ದಕ್ಷಿಣದವರನ್ನು ನೋಡಿ ನೋಡಿ ಅವರಿಗೆ ಕನ್ನಡ ಬರುತ್ತಿತ್ತು. ಅತ್ತಿಗೆ "ಹಾಲು" ಎಂದರು. ಅಷ್ಟು ಹೇಳುವಾಗ ಗಂಟಲು ಕಟ್ಟಿತು, ತಲೆ ಬಗ್ಗಿತು, ಭುಜ ಕುಲುಕಿತು. ಪುರೋಹಿತರು ಎಷ್ಟು ತಾಯಂದಿರನ್ನು ಕಂಡವರೋ ಏನೋ, ಅತ್ತಿಗೆಯ ಕೈಯನ್ನು ಮೆಲ್ಲಗೆ ಓರೆ ಮಾಡಿದರು. ನೀರು ಹರಿದು ಹೋಯಿತು.

ಅಲ್ಲಿಂದ ನಮ್ಮ ಅಡುಗೆಮನೆಯ ಜಾತಕವೇ ಬದಲಾಯಿತು. ಹಾಲು ಬಿಟ್ಟ ಮೇಲೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವೂ ಅದರ ಹಿಂದೆಯೇ ಹೋದವು. ಬೆಳಿಗ್ಗೆ ದೊಡ್ಡ ಲೋಟದಲ್ಲಿ ಹಾಲುಕಾಫಿ ಕುಡಿಯದೆ ಮಾತೇ ಆಡದ ಅತ್ತಿಗೆ ಕರಿಕಾಫಿ ಕುಡಿಯತೊಡಗಿದರು. ಮಧೂರು ದೇವಸ್ಥಾನದ ಅಪ್ಪದ ಪ್ರಸಾದ ಬಂದರೆ, ತುಪ್ಪದ್ದಲ್ಲವೇ ಎಂದು ಕಣ್ಣಿಗೊತ್ತಿ ನಮ್ಮ ಕೈಗೆ ಕೊಡುತ್ತಿದ್ದರು. ಅದನ್ನೆಲ್ಲ ನಾವು ಒಪ್ಪಿಕೊಂಡೆವು. ದುಃಖಕ್ಕೆ ಹಿಡಿದುಕೊಳ್ಳಲು ಒಂದು ಕೋಲು ಬೇಕು ಎಂದು ನಾನೇ ಅಣ್ಣನಿಗೆ ಸಮಾಧಾನ ಹೇಳಿದ್ದೆ.

ವಿಷಯ ಬಿಗಡಾಯಿಸಿದ್ದು ತೆಂಗಿನಕಾಯಿಯಿಂದ. ನೆರೆಮನೆಯ ಆಯಿಶಾ ಒಮ್ಮೆ ಹಬ್ಬಕ್ಕೆ ಪಾಯಸ ತಂದಳು. ಅತ್ತಿಗೆಯ ಸಂಗತಿ ಗೊತ್ತಿದ್ದದ್ದರಿಂದ ಬೇರೆಯಾಗಿ ಕಾಯಿಹಾಲು ಹಾಕಿಯೇ ಮಾಡಿದ್ದಳು, ಪಾಪ. ಅತ್ತಿಗೆ ಲೋಟವನ್ನು ಬಾಯಿಯ ಹತ್ತಿರ ತಂದು ಕೆಳಗಿಟ್ಟರು. ಕಾಯಿಹಾಲೂ ಹಾಲೇ ಅಲ್ಲವೇ ಎಂದರು. ಆಯಿಶಾ ನನ್ನ ಮುಖ ನೋಡಿದಳು, ನಾನು ಆಯಿಶಾಳ ಮುಖ ನೋಡಿದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಗಾದೆಯೇ ಉಂಟು ಎಂದು ನಾನು ವಾದಿಸಿದೆ. ಅತ್ತಿಗೆ, ಹಾಗಾದರೆ ಅದಕ್ಕೆ ಕಾಯಿಹಾಲು ಅಂತ ಯಾಕೆ ಹೆಸರು ಎಂದು ಕೇಳಿದರು. ವ್ಯಾಕರಣ ನೋಡಿದರೆ ಅವರು ಹೇಳುವುದೇ ಸರಿ. ಕಾಯಿಯ ಹಾಲು ಕಾಯಿಹಾಲು, ತತ್ಪುರುಷ ಸಮಾಸ, ಎರಡನೆಯ ಪದಕ್ಕೇ ಪ್ರಾಧಾನ್ಯ. ನಾನೇ ಕಲಿತ ವಿದ್ಯೆ ಮನೆಯಲ್ಲಿ ನನ್ನ ಬಾಯಿಯನ್ನೇ ಮುಚ್ಚಿಸಿತು.

ಹೀಗೆ ಕಾಯಿಹಾಲಿನೊಂದಿಗೆ ಹಾಲುಬಾಯಿಯೂ ಮನೆಯಿಂದ ಹೊರಗೆ ಹೋಯಿತು. ಹೆಸರಿನಲ್ಲಿ ಹಾಲಿದ್ದರೂ ಹಾಲುಬಾಯಿಗೂ ಹಸುವಿನ ಹಾಲಿಗೂ ಸಂಬಂಧ ಇಲ್ಲ. ಅಕ್ಕಿ ಅರೆದು, ಕಾಯಿಹಾಲು ಬೆಲ್ಲ ಸೇರಿಸಿ, ತಳ ಬಿಡುವವರೆಗೆ ಕಾಯಿಸಿ, ತುಪ್ಪ ಸವರಿದ ಬಟ್ಟಲಿಗೆ ಹೊಯ್ದು, ಆರಿದ ಮೇಲೆ ಕತ್ತರಿಸುವ ತಿಂಡಿ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅತ್ತಿಗೆ ಅದನ್ನು ಮಾಡುತ್ತಿದ್ದರು. ಅದನ್ನು ಮಗುಚುವವರು ಕೈ ನಿಲ್ಲಿಸಬಾರದು. ಅತ್ತಿಗೆಯ ಕೈ ಮಾತ್ರ ಯಾವಾಗಲೂ ನಿಲ್ಲುತ್ತಿತ್ತು, ಯಾಕೆಂದರೆ ವಿಜೇತ್ ಹಿಂದಿನಿಂದ ಬಂದು ಕುತ್ತಿಗೆಗೆ ಜೋತು ಬೀಳುತ್ತಿದ್ದ. ಆದ್ದರಿಂದ ನಮ್ಮ ಮನೆಯ ಹಾಲುಬಾಯಿ ಯಾವಾಗಲೂ ಒಂದಿಷ್ಟು ಅಡಿ ಹಿಡಿದದ್ದೇ. ಆ ಅಡಿ ಹಿಡಿದದ್ದನ್ನು ಕೆರೆದು ತಿನ್ನುವುದು ಅವನ ಹಕ್ಕು, ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ. ಅವನ ಅಕ್ಕ ಶ್ರೀರಂಜಿನಿಗೆ ಆ ಸುಟ್ಟ ವಾಸನೆ ಆಗದು. ಅವಳಿಗೆ ಮೇಲಿನ ಚೌಕ ತುಂಡುಗಳು.

ಅತ್ತಿಗೆ ಬರಬರುತ್ತಾ ಸೊರಗಿದರು. ತಿಂಡಿ ಎಂದರೆ ಬೇಡ, ಊಟ ಎಂದರೆ ಒಂದು ಹಿಡಿ. ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಾಗ ಡಾಕ್ಟರು ಎಲುಬು ಟೊಳ್ಳಾಗಿದೆ, ದಿನಾ ಹಾಲು ಕುಡಿಯಬೇಕು ಎಂದರು. ಅಣ್ಣ ಕೈಮುಗಿಯುವುದೊಂದು ಬಾಕಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅತ್ತಿಗೆ ಪ್ಲಾಸ್ಟರು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನನಗೆ ಸಿಟ್ಟು ಬಂತು. ಸತ್ತವನ ಮೇಲಿನ ಪ್ರೀತಿಗೆ ಇದ್ದವರನ್ನು ಹೆದರಿಸಬಾರದು ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿದೆ.

ಅಷ್ಟರಲ್ಲಿ ಶ್ರೀರಂಜಿನಿಯೂ ಹಾಲು ಬಿಟ್ಟಳು. ಅವಳಿಗೆ ಮಂಗಳೂರಿನಲ್ಲಿ ಕೆಲಸ, ಶನಿವಾರ ಮನೆಗೆ ಬರುತ್ತಾಳೆ. ಹೈನುಗಾರಿಕೆ ಮಾಡುವಲ್ಲಿ ಕರುವನ್ನು ತಾಯಿಯಿಂದ ಬೇರೆ ಮಾಡಿ ಕಟ್ಟಿಹಾಕಿದ್ದನ್ನು, ರಾತ್ರಿಯಿಡೀ ಹಸು ಕೂಗಿದ್ದನ್ನು ಕಂಡು ಬಂದವಳು, ಇನ್ನು ನಾನು ವೀಗನ್ ಎಂದಳು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡವಂತೆ. ಇದು ಯಾವ ದೇವರ ವ್ರತ ಎಂದು ಆಯಿಶಾ ನನ್ನನ್ನು ಗುಟ್ಟಾಗಿ ಕೇಳಿದಳು. ಶ್ರೀರಂಜಿನಿ ಕರುವಿನ ಕತೆ ಹೇಳುವಾಗ ಅತ್ತಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದರು. ತಲೆ ಎತ್ತದೆ "ಹೌದು" ಎಂದು ಮಾತ್ರ ಹೇಳಿದರು.

ಶ್ರೀರಂಜಿನಿಗೆ ಅದರಲ್ಲೇ ಒಂದು ಆಸೆ ಹುಟ್ಟಿತು. ಅಮ್ಮನೂ ಹಾಲು ಬಿಟ್ಟವಳು, ತಾನೂ ಬಿಟ್ಟವಳು. ಹಾಗಾದರೆ ಸಣ್ಣಂದಿನ ತಿಂಡಿಗಳನ್ನೆಲ್ಲ ಹಾಲು, ತುಪ್ಪ, ಮೊಸರು ಇಲ್ಲದೆ ಮನೆಯಲ್ಲೇ ಮಾಡಿದರೆ ಇಬ್ಬರೂ ಒಟ್ಟಿಗೆ ಕೂತು ತಿನ್ನಬಹುದಲ್ಲ. ಶನಿವಾರ ಬಂದರೆ ಅಡುಗೆಮನೆ ಅವಳ ಪ್ರಯೋಗಶಾಲೆ, ಕಾಯಿ ತುರಿಯಲು ನಾನು. ಬನ್ಸಿಗೆ ಮೊಸರಿನ ಬದಲು ತೆಂಗಿನಕಾಯಿಯ ನೀರನ್ನು ಹುಳಿ ಬರಿಸಿ ಹಾಕಿದಳು. ಮೊದಲ ಸಲ ಅದು ಉಬ್ಬದೆ ಅಣ್ಣನ ಹಲ್ಲಿನ ಸೆಟ್ಟಿಗೆ ಸವಾಲಾಯಿತು. ಗೋಳಿಬಜೆ ಪರವಾಗಿರಲಿಲ್ಲ. ಕಡಲೆಹಿಟ್ಟಿನ ಉಂಡೆಗೆ ತುಪ್ಪದ ಬದಲು ತೆಂಗಿನೆಣ್ಣೆ ಹಾಕಿದ್ದು ತಿನ್ನುವಾಗ ತಲೆಗೆ ಎಣ್ಣೆ ಹಚ್ಚಿಕೊಂಡ ಹಾಗಾಯಿತು. ಗೇರುಬೀಜ ಅರೆದು ಬ್ರೆಡ್ಡಿಗೆ ಸವರಿ, ಇದು ಬೀಜದ ಬೆಣ್ಣೆ ಎಂದು ಅಮ್ಮನ ಮುಂದೆ ಹಿಡಿದಳು. ಬೆಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತಿಗೆ ಕೈ ಹಿಂದೆ ತೆಗೆದರು. ಈ ಹಾಲು ಬಿಟ್ಟವರು ಹಾಲಿನ ಹೆಸರನ್ನು ಮಾತ್ರ ಯಾಕೆ ಬಿಡುವುದಿಲ್ಲವೋ ನನಗೆ ಗೊತ್ತಿಲ್ಲ. ಬೇರೆ ಹೆಸರಿಟ್ಟಿದ್ದರೆ ಅತ್ತಿಗೆ ತಿನ್ನುತ್ತಿದ್ದರೋ ಏನೋ.

ಕೊನೆಗೆ ಅವಳು ಹಾಲುಬಾಯಿಗೆ ಕೈಹಾಕಿದಳು. ಬೇಡ ಎಂದೆ. ಕೇಳಲಿಲ್ಲ. ಕಾಯಿ ಹಿಂಡಿ ಹಾಲು ತೆಗೆದು, ಬಟ್ಟಲಿಗೆ ತೆಂಗಿನೆಣ್ಣೆ ಸವರಿ, ಚಂದಕ್ಕೆ ಕತ್ತರಿಸಿ ಅಮ್ಮನ ಮುಂದಿಟ್ಟಳು. ಹಸುವಿನದ್ದು ಎಂತದೂ ಇಲ್ಲ ಅಮ್ಮ, ಇದು ಗಿಡದ ಹಾಲು ಎಂದಳು. ಅತ್ತಿಗೆ ಬಟ್ಟಲನ್ನು ನೋಡಲೂ ಇಲ್ಲ, ಮುಖ ತಿರುಗಿಸಿ ಬೇಡ ಎಂದರು.  ಆಗ ಹುಡುಗಿ ಕೇಳಿದ ಮಾತು ನನ್ನ ಎದೆಗೆ ನಾಟಿದೆ.

"ಅವ ನನಗೂ ತಮ್ಮ ಅಲ್ವಾ ಅಮ್ಮ? ನನ್ನ ಕೈಯದ್ದು ಒಂದಾದರೂ ತಿಂದೆಯಾ ನೀನು? ಕಾಶಿಯಲ್ಲಿ ನನ್ನನ್ನೂ ಬಿಟ್ಟು ಬಂದಿದ್ದೀಯಾ?"

 ಶ್ರೀರಂಜಿನಿ ಬಟ್ಟಲನ್ನು ಆಯಿಶಾಳ ಮನೆಗೆ ಕೊಟ್ಟು ಸಂಜೆಯ ಬಸ್ಸಿಗೆ ಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಕೆಲಸ ಜಾಸ್ತಿ ಉಂಟು ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದಳಂತೆ. ಶನಿವಾರ ಬಸ್ಸು ನಿಲ್ಲುವ ಸದ್ದಾದಾಗಲೆಲ್ಲ ಅತ್ತಿಗೆ ಜಗಲಿಗೆ ಬಂದು, ಒಣಗಿದ ಬಟ್ಟೆಯನ್ನು ಇನ್ನೊಮ್ಮೆ ಮಡಚಿ, ಒಳಗೆ ಹೋಗುತ್ತಿದ್ದರು. ಒಂದು ಮಗುವನ್ನು ಜ್ವರ ಕೊಂಡುಹೋಯಿತು, ಇನ್ನೊಂದನ್ನು ಒಂದು ಪದ ಕೊಂಡುಹೋಗುತ್ತಾ ಉಂಟು ಎಂದು ನನಗೆ ಭಯವಾಯಿತು. ಏನಾದರೂ ಮಾಡಬೇಕಿತ್ತು, ಮಾಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ದಾರಿ ಹೊಳೆದದ್ದು ಕಾಯಿ ತುರಿಯುವಾಗ. ಅತ್ತಿಗೆ ಸಾಂಬಾರಿಗೆ ಕಾಯಿ ಅರೆಯುತ್ತಿದ್ದರು, ಉಣ್ಣುತ್ತಿದ್ದರು, ಅದಕ್ಕೆ ತಕರಾರು ಇರಲಿಲ್ಲ. ಅಂದರೆ ಅರೆದದ್ದು ಆಗುತ್ತದೆ, ಹಿಂಡಿದ್ದು ಆಗುವುದಿಲ್ಲ. ಹಿಂಡಿದರೆ ತಾನೇ ಹಾಲು? ಅಕ್ಕಿಯ ಜೊತೆಗೇ ಕಾಯಿಯನ್ನು ಗಂಧದ ಹಾಗೆ ನುಣ್ಣಗೆ ಅರೆದು, ಹಿಂಡದೆ, ಸೋಸದೆ ಹಾಗೆಯೇ ಬೆಲ್ಲದ ಜೊತೆ ಕಾಯಿಸಿದರೆ ಅದರಲ್ಲಿ ಹಾಲು ಎಂಬ ಪದವೇ ಇಲ್ಲ. ವ್ಯಾಕರಣದಿಂದ ಕಟ್ಟಿದ ಗಂಟನ್ನು ವ್ಯಾಕರಣದಿಂದಲೇ ಬಿಚ್ಚಿದೆ ಎಂದು ಹೆಮ್ಮೆಪಟ್ಟೆ. ಶ್ರೀರಂಜಿನಿಗೆ ಫೋನ್ ಮಾಡಿ ಇದೊಂದು ಸಲ ಬಾ ಎಂದು ಬೇಡಿಕೊಂಡೆ. ಅವಳು, ಆಯಿತು ಅತ್ತೆ ಎಂದಳು.

ಅವಳು ಬಂದ ದಿನ ಅಣ್ಣ ಅತ್ತಿಗೆಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಒಳಸಂಚಿನಲ್ಲಿ ಅವನೂ ಪಾಲುದಾರ. ನಾವಿಬ್ಬರೂ ಅಕ್ಕಿ ಕಾಯಿ ಅರೆದೆವು, ಮುಟ್ಟಿ ನೋಡಿದೆವು, ಮತ್ತೆ ಅರೆದೆವು. ಬೆಲ್ಲ ಹಾಕಿ ಒಲೆಗೇರಿಸಿದ ಮೇಲೆ ಸಟ್ಟುಗ ನನ್ನ ಕೈಗೆ ಬಂತು, ಅವಳು ಏಲಕ್ಕಿ ಗುದ್ದಲು ಕೂತಳು. ಗುದ್ದುತ್ತಾ ಗುದ್ದುತ್ತಾ ತಮ್ಮನ ಮಾತು ತೆಗೆದಳು. ಇಬ್ಬರೂ ಸಣ್ಣವರಿದ್ದಾಗ ಜ್ವರ ಬಂದರೆ ಒಬ್ಬರ ಹಣೆ ಒಬ್ಬರು ಮುಟ್ಟಿ ನೋಡುತ್ತಿದ್ದರಂತೆ. ಆ ಸೋಮವಾರ ಅವಳು ಮನೆಯಲ್ಲಿರಲಿಲ್ಲ. ತಾನಿದ್ದಿದ್ದರೆ ಹಣೆ ಮುಟ್ಟಿಯೇ ಇದು ಬೇರೆ ಜ್ವರ ಎಂದು ಹೇಳುತ್ತಿದ್ದೆ ಎಂದು ಅಳತೊಡಗಿದಳು. ಇಷ್ಟು ವರ್ಷ ಈ ಮಾತನ್ನು ಅವಳು ಎಲ್ಲಿ ಇಟ್ಟುಕೊಂಡಿದ್ದಳೋ. ನಾನು ಸಟ್ಟುಗ ಬಿಟ್ಟು ಅವಳನ್ನು ತಬ್ಬಿಕೊಂಡೆ. ಮೂಗಿಗೆ ವಾಸನೆ ಬಡಿಯುವಾಗ ಬಾಣಲೆಯ ತಳ ಹಿಡಿದಾಗಿತ್ತು.

ಮಾಡಿದ್ದುಣ್ಣೋ ಮಹಾರಾಯ ಎಂದು ನನಗೇ ಬೈದುಕೊಂಡು, ತಳದ್ದನ್ನು ಬಾಣಲೆಯಲ್ಲೇ ಬಿಟ್ಟು, ಮೇಲಿನದ್ದನ್ನು ಬಟ್ಟಲಿಗೆ ಹೊಯ್ದೆ. ಸುಟ್ಟ ವಾಸನೆ ಮನೆಯಿಡೀ ತುಂಬಿತ್ತು. ಫ್ಯಾನ್ ಹಾಕಿದೆವು, ಕಿಟಕಿ ತೆರೆದೆವು, ಹೋಗಲಿಲ್ಲ. ಇದನ್ನು ಅಮ್ಮನ ಮುಂದೆ ಇಡುವುದೇ ಬೇಡ ಎಂದಳು ಶ್ರೀರಂಜಿನಿ. ನನಗೂ ಹಾಗೆಯೇ ಅನ್ನಿಸಿತು. ಆದರೆ ಬಟ್ಟಲನ್ನು ಎಲ್ಲಿ ಅಡಗಿಸುವುದು ಎಂದು ನೋಡುವಷ್ಟರಲ್ಲಿ ಗೇಟಿನ ಸದ್ದಾಯಿತು.

ಅತ್ತಿಗೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತುಬಿಟ್ಟರು. ಕೈಯಲ್ಲಿ ಪ್ರಸಾದದ ಕಟ್ಟು. ಮಗಳನ್ನು ನೋಡಿದರು, ಬಟ್ಟಲನ್ನು ನೋಡಿದರು, ಕೊನೆಗೆ ಬಾಣಲೆಯನ್ನು ನೋಡಿದರು. ಮೂಗಿನ ಹೊಳ್ಳೆ ಅದುರುವುದು ನನಗೆ ಕಾಣುತ್ತಿತ್ತು.

"ಕಾಯಿ ಹಿಂಡಿದ್ದಾ?" ಎಂದು ಕೇಳಿದರು.

"ಇಲ್ಲ ಅತ್ತಿಗೆ. ಅಕ್ಕಿಯ ಒಟ್ಟಿಗೆ ಅರೆದದ್ದು ಮಾತ್ರ. ಹಾಲು ಅಂತ ಹೇಳ್ಲಿಕ್ಕೆ ಎಂತದೂ ಇಲ್ಲ ಇದರಲ್ಲಿ."

ಅವರು ಪ್ರಸಾದವನ್ನು ಕಪಾಟಿನ ಮೇಲಿಟ್ಟು, ಕೈ ತೊಳೆದು, ನೆಲದ ಮೇಲೆಯೇ ಕೂತರು. ಮಗಳು ಬಟ್ಟಲನ್ನು ಮುಂದಿಡಲೂ ಹೆದರಿ ನನ್ನ ಮುಖ ನೋಡುತ್ತಿದ್ದಳು. ಅತ್ತಿಗೆ ತಾವೇ ಎಳೆದುಕೊಂಡರು. ಇನ್ನೂ ಸರಿಯಾಗಿ ಆರಿರಲಿಲ್ಲ, ತುಂಡು ನಿಲ್ಲುತ್ತಿರಲಿಲ್ಲ. ಬೆರಳಿನಿಂದ ಒಂದಿಷ್ಟು ತೆಗೆದು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನುಂಗಿದರು. ಮತ್ತೆ ತೆಗೆದರು. ಹಿಂದಿನಿಂದ ಬಂದು ನಿಂತಿದ್ದ ಅಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಮಗೆಲ್ಲ ಗೆದ್ದೆವು ಅನ್ನಿಸಿತು.

ಆಗ ಅತ್ತಿಗೆ ಮಾತಾಡಿದರು.

"ಅನ್ನಪೂರ್ಣಾ, ಅಲ್ಲಿ ನಾನು ಹಾಲು ಅಂತ ಹೇಳ್ಲಿಕ್ಕೆ ಹೊರಟದ್ದೇ ಅಲ್ಲ."

"ಮತ್ತೆಂತ?"

"ಹಾಲುಬಾಯಿ ಅಂತ. ಹಾಲು ಅಂದೆ. ಬಾಯಿ ಬರ್ಲಿಲ್ಲ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಆಮೇಲೆ ಗಂಗೆಯ ಮೆಟ್ಟಿಲು, ಆ ಬಗ್ಗಿದ ತಲೆ, ಕೈಯನ್ನು ಓರೆ ಮಾಡಿದ ಪುರೋಹಿತರು ಎಲ್ಲ ಕಣ್ಣ ಮುಂದೆ ಬಂತು. ಅರ್ಧ ಪದ ಬಾಯಿಯಲ್ಲಿ ಉಳಿದಿತ್ತು, ಹೊರಗೆ ಬಂದ ಅರ್ಧವನ್ನು ಪುರೋಹಿತರು ನೀರಿನಲ್ಲಿ ಬಿಡಿಸಿದ್ದರು. ಆ ಅರ್ಧಕ್ಕಾಗಿ ಅತ್ತಿಗೆ ಇಷ್ಟು ವರ್ಷ ಕರಿಕಾಫಿ ಕುಡಿದರು, ಎಲುಬು ಮುರಿದುಕೊಂಡರು. ಉಳಿದ ಅರ್ಧವನ್ನು ಯಾರಿಗೂ ಹೇಳದೆ ಪಾಲಿಸಬೇಕಲ್ಲ, ಅದಕ್ಕಾಗಿ ಕಾಯಿಹಾಲನ್ನೂ ಹಾಲು ಎಂದು ಹಟ ಹಿಡಿದರು. ಕಾಯಿಹಾಲು ನಿಂತರೆ ಹಾಲುಬಾಯಿ ತಾನಾಗಿಯೇ ನಿಲ್ಲುತ್ತದೆ, ಕಾರಣ ಯಾರೂ ಕೇಳುವುದಿಲ್ಲ. ಅದನ್ನು ಹಟ ಎಂದೆವು ನಾವು, ವ್ಯಾಕರಣ ಎಂದೆವು. ಕೊನೆಗೆ ನಾನು ನನ್ನ ಜಾಣತನದಿಂದ, ಅವರು ನಿಜವಾಗಿ ಬಿಡಬೇಕೆಂದಿದ್ದ ಆ ಒಂದು ವಸ್ತುವನ್ನೇ ಬಟ್ಟಲಲ್ಲಿ ಹೊಯ್ದು ಅವರ ಬಾಯಿಗೆ ತಲುಪಿಸಿದ್ದೆ. ಅಡಿ ಹಿಡಿಸಿ, ಅವನಿಗೆ ಬೇಕಾದ ಹಾಗೆಯೇ. 

"ನಿಮ್ಮ ಸಂಕಲ್ಪ ನಾವು ಮುರಿಸಿದೆವಾ ಅತ್ತಿಗೆ?" ಎಂದು ಕೇಳಿದೆ.

"ಮಾಡಿದ್ದರೆ ಅಲ್ವಾ ಮುರಿಯುವುದು," ಎಂದರು ಅತ್ತಿಗೆ. "ಬಿಡಬೇಕು ಅಂತಲೇ ಹೋದದ್ದು ನಾನು. ಬಿಡ್ಲಿಕ್ಕೆ ಆಗ್ಲಿಲ್ಲ. ಅದಕ್ಕೇ ಬಾಯಿ ಬರ್ಲಿಲ್ಲ. ಇಷ್ಟು ವರ್ಷ ಬಿಟ್ಟ ಹಾಗೆ ಮಾಡಿದೆ, ಅಷ್ಟೆ."

ಹೇಳಿ ಮುಗಿಸಿ ಅವರು ಅತ್ತರು. ಕಾಶಿಯಲ್ಲಿ ಭುಜ ಕುಲುಕಿತ್ತೇ ಹೊರತು ಸದ್ದು ಬಂದಿರಲಿಲ್ಲ. ಈಗ ಸದ್ದು ಬಂತು. ಅಣ್ಣ ಒಳಗೆ ಬರಲೂ ಆಗದೆ, ಹೊರಗೆ ಹೋಗಲೂ ಆಗದೆ ಚೌಕಟ್ಟಿಗೆ ಹಣೆ ಒತ್ತಿ ನಿಂತ. ಶ್ರೀರಂಜಿನಿ ಅಮ್ಮನ ಬೆನ್ನ ಹಿಂದೆ ಕೂತು, ತಮ್ಮ ಜೋತು ಬೀಳುತ್ತಿದ್ದ ಹಾಗೆಯೇ ಕುತ್ತಿಗೆಗೆ ಕೈಹಾಕಿದಳು. ಅದು ಅವನ ರೀತಿ ಎಂದು ಅವಳಿಗೆ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅತ್ತಿಗೆ ಅಳು ನಿಲ್ಲಿಸಿ ಬಾಣಲೆ ಕೊಡು ಎಂದರು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಸಟ್ಟುಗದಿಂದ ತಳ ಕೆರೆಯತೊಡಗಿದರು. ಕಪ್ಪು ಹಿಡಿದ ಪದರ ಸುರುಳಿ ಸುರುಳಿಯಾಗಿ ಎದ್ದು ಬಂತು. ಅದನ್ನು ಕೈಗೆ ತೆಗೆದುಕೊಂಡರು. ತಾವು ತಿನ್ನುತ್ತಾರೆ ಎಂದು ನಾನು ಎಣಿಸಿದೆ. ಅವರು ಹಿಂದೆ ತಿರುಗಿ ಅದನ್ನು ಮಗಳ ಬಾಯಿಯ ಹತ್ತಿರ ಹಿಡಿದರು.

"ಇದು ನಿನಗೆ ಆಗುವುದಿಲ್ಲ ಅಲ್ವಾ?" ಎಂದು ಕೇಳಿದರು.

"ಆಗ್ತದೆ ಅಮ್ಮ, ಕೊಡು," ಎಂದು ಶ್ರೀರಂಜಿನಿ ಬಾಯಿ ತೆರೆದಳು.